ಕುಣಿಗಲ್ ನೆಂಟರಿಗೆ ಹುರುಳಿ ಸಾರು

ನಾನು ಚಿಕ್ಕವನಿದ್ದಾಗ ನಮ್ಮ ಕಡೆ ಪ್ರತಿ ಊರಿಗೂ ಎರಡು ಹೆಸರಿರುತ್ತಿತ್ತು. ಒಂದು ಬಸ್ಸಿನ ಬೋರ್ಡಿನ ಮೇಲೆ ಬರೆದ ಹೆಸರು, ಇನ್ನೊಂದು ಬಸ್ಸಿನೊಳಗೆ ಕೂತವರು ಇಟ್ಟ ಹೆಸರು. ಬೋರ್ಡಿನ ಹೆಸರಿಗೆ ಉಪ್ಪಿಲ್ಲ, ಖಾರವಿಲ್ಲ. ಒಳಗಿನ ಹೆಸರಿಗೆ ಎರಡೂ ಇರುತ್ತಿದ್ದವು. ತಿಪಟೂರಿನವರು ನಮಗೆ 'ಕೊಬ್ಬರಿಯೋರು'. ಶಿರಾ ಕಡೆಯವರು 'ಕಳ್ಳೇಕಾಯಿ ಸೀಮೆಯೋರು'. ಹಾಸನದವರು 'ಆಲೂಗಡ್ಡೆಯೋರು', ಮಂಡ್ಯದವರು 'ಕಬ್ಬಿನೋರು'. ಬೆಂಗಳೂರಿನಿಂದ ಯಾರಾದರೂ ಬಂದರೆ 'ನಲ್ಲಿ ನೀರಿನೋರು ಬಂದ್ರು' ಎನ್ನುತ್ತಿದ್ದರು, ಏಕೆಂದರೆ ಅವರಿಗೆ ನಮ್ಮ ಬಾವಿಯಿಂದ ನೀರು ಸೇದಲು ಬರುತ್ತಿರಲಿಲ್ಲ. ಭಾಷಣ ಮಾಡುವವರು ನಮ್ಮ ತುಮಕೂರು ಸೀಮೆಯನ್ನು ಕಲ್ಪತರು ನಾಡು ಎಂದು ಹೊಗಳುತ್ತಿದ್ದರು. ತೆಂಗಿನ ಮರ ಹತ್ತಿ ಎದೆ ತರಚಿಕೊಂಡವರು ಆ ಮಾತು ಕೇಳಿ ಸುಮ್ಮನೆ ನಗುತ್ತಿದ್ದರು.

ನಮ್ಮನ್ನೇನೂ ಬಿಟ್ಟಿರಲಿಲ್ಲ. ನಮ್ಮದು ಗುಬ್ಬಿ ತಾಲ್ಲೂಕಿನ ಚೇಳೂರು. ಗುಬ್ಬಿಯ ನಾಟಕದ ಹುಚ್ಚು ಸುತ್ತೆಲ್ಲ ಹೆಸರಾಗಿದ್ದರಿಂದ ಇಡೀ ತಾಲ್ಲೂಕಿನವರಿಗೇ 'ನಾಟಕದೋರು' ಎಂಬ ಬಿರುದು ಅಂಟಿತ್ತು. ಬಣ್ಣ ಹಚ್ಚಿದವರು ಯಾರೋ, ಹೆಸರು ಹೊತ್ತವರು ನಾವು. ನನ್ನ ಅಪ್ಪ ಜೀವಮಾನದಲ್ಲಿ ಒಂದು ನಾಟಕವನ್ನೂ ಪೂರ್ತಿ ನೋಡಿದವರಲ್ಲ, ಎರಡನೇ ಪರದೆ ಏಳುವ ಹೊತ್ತಿಗೆ ಗೊರಕೆ ಹೊಡೆಯುತ್ತಿದ್ದರು.

ಈ ಹೆಸರುಗಳ ಭಂಡಾರವೆಲ್ಲ ಇದ್ದದ್ದು ನನ್ನ ಸೋದರಮಾವನ ಹತ್ತಿರ. ಮಾವ ಕೊಬ್ಬರಿ ವ್ಯಾಪಾರಕ್ಕೆಂದು ಊರೂರು ತಿರುಗುತ್ತಿದ್ದರು. ಹೋದಲ್ಲೆಲ್ಲ ಒಂದು ಹೆಸರು ಹೆಕ್ಕಿ ತರುತ್ತಿದ್ದರು, ಸಿಗದಿದ್ದರೆ ತಾವೇ ಒಂದು ಕಟ್ಟಿಬಿಡುತ್ತಿದ್ದರು. ಮನಸ್ಸಿಗೆ ಹಿಡಿಸದ ಊರಿಗೆ ಮಾತ್ರ ಅವರು ಹೆಸರಿಡುತ್ತಿರಲಿಲ್ಲ. ಹೆಸರಿಟ್ಟರು ಎಂದರೆ ಆ ಊರಿನ ಮೇಲೆ ಪ್ರೀತಿ ಎಂದೇ ಅರ್ಥ. ಕುಣಿಗಲ್ಲಿನವರಿಗೆ ಮಾವ ಇಟ್ಟಿದ್ದ ಹೆಸರು 'ಹುರುಳಿಯೋರು'. ಕುಣಿಗಲ್ಲಿನಲ್ಲಿ ಕುದುರೆ ಫಾರಂ ಇದೆಯಲ್ಲ, ಕುದುರೆ ತಿನ್ನುವುದು ಹುರುಳಿ, ಹಾಗಾಗಿ ಆ ತಾಲ್ಲೂಕಿನವರೆಲ್ಲ ಹುರುಳಿಯೋರು. ಇದು ಮಾವ ಒಬ್ಬರೇ ಕಟ್ಟಿದ ಹೆಸರಲ್ಲ, ತುಮಕೂರಿನ ಅಂಗಡಿ ಬೀದಿಯಲ್ಲೂ ಓಡಾಡುತ್ತಿತ್ತು. ಅಲ್ಲಿಯ ಜನ ನಮ್ಮ ಹಾಗೆಯೇ ಮುದ್ದೆ ನುಂಗುವವರು, ಅನ್ನ ಉಣ್ಣುವವರು. ಅಡ್ಡಹೆಸರು ಕಟ್ಟುವಾಗ ಅದೆಲ್ಲ ಯಾರು ಕೇಳುತ್ತಾರೆ?

ಇಂಥ ಕುಣಿಗಲ್ ಸೀಮೆಯ ಅಮೃತೂರಿನಿಂದ ನನ್ನ ಅಕ್ಕನಿಗೆ ಒಂದು ಸಂಬಂಧ ಬಂತು.

ಹುಡುಗ ಮೇಷ್ಟರು. ಚಿಕ್ಕಂದಿನಲ್ಲೇ ತಂದೆ ತೀರಿಕೊಂಡು, ದೊಡ್ಡಪ್ಪನ ಆಸರೆಯಲ್ಲಿ ಬೆಳೆದು ಓದಿದವರು. ಮೊದಲ ಸಲ ಹೆಣ್ಣು ನೋಡಲು ಬಂದಾಗ ಹುಡುಗ, ಅವರ ತಾಯಿ, ಇಬ್ಬರು ನೆಂಟರು ಬಂದಿದ್ದರು. ದೊಡ್ಡಪ್ಪನಿಗೆ ಜ್ವರವಿದ್ದು ಬಂದಿರಲಿಲ್ಲ. ಹುಡುಗ ತಲೆ ತಗ್ಗಿಸಿ ಕೂತಿದ್ದರೂ ಅಕ್ಕ ಕಾಫಿ ಕೊಟ್ಟಾಗ 'ಸಕ್ಕರೆ ಸರಿಯಾಗಿದೆ' ಎಂದು ಕೇಳದಿದ್ದರೂ ಹೇಳಿದ್ದರು. ಆ ಒಂದು ಮಾತನ್ನು ಅಕ್ಕ ಆಮೇಲೆ ಬಾವಿಕಟ್ಟೆಯಲ್ಲಿ, ಹಟ್ಟಿಯಲ್ಲಿ, ನನಗೆ ತಲೆ ಬಾಚುವಾಗ, ಎಷ್ಟು ಸಲ ಹೇಳಿಕೊಂಡು ನಕ್ಕಳೋ. ಅವಳಿಗೆ ಹುಡುಗ ಹಿಡಿಸಿದ್ದು ನಮ್ಮ ಮನೆಯ ಎಮ್ಮೆಗೂ ಗೊತ್ತಾಗಿತ್ತು.

ಆ ನಗುವಿನ ಹಿಂದೆ ಒಂದು ಭಯವೂ ಇತ್ತು. ಹಿಂದಿನ ವರ್ಷ ಅಕ್ಕನಿಗೆ ಇನ್ನೊಂದು ಸಂಬಂಧ ಕೂಡಿಬಂದು, ತಾಂಬೂಲ ಬದಲಾಯಿಸುವ ದಿನವೇ ಮುರಿದುಬಿದ್ದಿತ್ತು. ಅದರಲ್ಲಿ ಅವಳ ತಪ್ಪು ಎಳ್ಳಷ್ಟೂ ಇರಲಿಲ್ಲ. ಆದರೂ ಊರಿನ ಹೆಂಗಸರು ನೀರು ಸೇದುವಾಗ ಅವಳನ್ನು ಕಂಡರೆ ಮಾತು ನಿಲ್ಲಿಸುತ್ತಿದ್ದರು. ಇನ್ನೊಂದು ಸಲ ಹಾಗಾದರೆ ಹೆಣ್ಣನ್ನು ಕೇಳಿಕೊಂಡು ಯಾರು ಬಂದಾರು ಎಂದು ಅಮ್ಮ ದೇವರ ಮುಂದೆ ದೀಪ ಹಚ್ಚುವಾಗಲೆಲ್ಲ ಗೊಣಗಿಕೊಳ್ಳುತ್ತಿದ್ದಳು. ಅಕ್ಕನಿಗೆ ಅದು ಕೇಳಿಸುತ್ತಿತ್ತು.

ಹೆಣ್ಣು ನೋಡಲು ಬಂದ ದಿನ ಹುಡುಗನ ತಾಯಿ ಅಡುಗೆಮನೆಗೆ ಬಂದು ಅಕ್ಕನ ಪಕ್ಕ ಮಣೆ ಹಾಕಿಕೊಂಡು ಕೂತಿದ್ದರು. ಅವರನ್ನು ನಾನು ಮುಂದೆ ಅತ್ತೆ ಎಂದು ಕರೆದೆ, ಇಲ್ಲಿಯೂ ಹಾಗೇ ಕರೆಯುತ್ತೇನೆ. ತೆಳ್ಳಗಿನ ಹೆಂಗಸು, ಮಾತು ಇನ್ನೂ ತೆಳ್ಳಗೆ. ಮಾತಿಗೆ ಮಾತು ಬಂದು ಅವರು, 'ನಮ್ಮ ಹುಡುಗನಿಗೆ ಹುರುಳಿ ಸಾರು ಅಂದ್ರೆ ಪ್ರಾಣ ಕಣವ್ವ' ಎಂದಿದ್ದರು. ಅಕ್ಕ ಆ ಮಾತನ್ನು ಸೆರಗಿಗೆ ಗಂಟು ಹಾಕಿಕೊಂಡಳು.

ತಾಂಬೂಲದ ದಿನ ಗೊತ್ತಾಯಿತು. ಊಟ ಮುಗಿದ ಮೇಲೆ ಎರಡೂ ಕಡೆಯವರು ವೀಳ್ಯದೆಲೆ ಅಡಿಕೆ ಬದಲಾಯಿಸಿದರೆ ಮದುವೆ ನಿಶ್ಚಯವಾದ ಹಾಗೆ. ಅವತ್ತು ಏನು ಅಡುಗೆ ಎಂಬ ಮಾತು ಬಂದಾಗ ಅಕ್ಕ ಹುರುಳಿ ಸಾರು, ಮುದ್ದೆ ಎಂದಳು. ಅಮ್ಮ ರಾಗ ಎಳೆದಳು. 'ಬೀಗರು ಬರೋ ದಿನ ಮುದ್ದೆ ಹಾಕ್ತಾರೇನೇ?' ಎಂದಳು. 'ಪಾಯಸ, ಕೋಸಂಬರಿ, ಪಲ್ಯ ಎಲ್ಲ ನೀನು ಮಾಡು, ಸಾರು ಮಾತ್ರ ನಂದು' ಎಂದು ಅಕ್ಕ ಹಟ ಹಿಡಿದಳು. ಅಪ್ಪ ಅವಳ ಮುಖ ನೋಡಿ, 'ಮಾಡ್ಲಿ ಬುಡು' ಎಂದರು.

ಆ ದಿನ ಬೆಳಗ್ಗೆ ನನಗೆ ಎಚ್ಚರವಾದದ್ದೇ ಹುರುಳಿ ಬೇಯುವ ವಾಸನೆಗೆ. ಅದು ಒಣಮಣ್ಣಿಗೆ ನೀರು ಚಿಮುಕಿಸಿದಾಗ ಏಳುವಂಥ ವಾಸನೆ. ಅಕ್ಕ ದೊಡ್ಡ ಮಡಕೆಯಿಂದ ಕಟ್ಟು ಬಸಿಯುತ್ತಿದ್ದಳು. ಕಟ್ಟು ಎಂದರೆ ಹುರುಳಿ ಬೆಂದ ನೀರು, ಕೆಂಪು ಕಪ್ಪು ಬೆರೆತ ಬಣ್ಣದ್ದು. ಅದಕ್ಕೆ ಕೆಂಡದ ಮೇಲೆ ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಜೀರಿಗೆ, ಮೆಣಸು, ಕಾಯಿ, ಒಂದು ಹಿಡಿ ಬೆಂದ ಹುರುಳಿ ಎಲ್ಲ ರುಬ್ಬಿ ಹಾಕಿ, ಹುಣಸೆಹುಳಿ ಬಿಟ್ಟು ಕುದಿಸಬೇಕು. ಕುದಿದಷ್ಟೂ ರುಚಿ. ಕೊನೆಗೆ ಜಜ್ಜಿದ ಬೆಳ್ಳುಳ್ಳಿಯ ಒಗ್ಗರಣೆ ಚುಂಯ್ ಎಂದಾಗ ಬೀದಿಯ ಆ ತುದಿಯಲ್ಲಿದ್ದ ನಾಯಿಯೂ ನಮ್ಮ ಬಾಗಿಲಿಗೆ ಬಂತು. ಅಕ್ಕನ ಮುಖ ಒಲೆಯ ಉರಿಗೆ ಕೆಂಪಾಗಿತ್ತು. ಉಪ್ಪು ನೋಡಲು ನನ್ನ ಅಂಗೈಗೆ ಒಂದು ಹನಿ ಬಿಟ್ಟು, ನಾನು ಚಪ್ಪರಿಸುವುದನ್ನೇ ನೋಡುತ್ತ ನಿಂತಳು.

ನೆಂಟರು ಕುಣಿಗಲ್, ತುಮಕೂರು, ಗುಬ್ಬಿ ಎಂದು ಬಸ್ಸು ಬದಲಾಯಿಸುತ್ತ ಬಂದಿಳಿದರು. ದೊಡ್ಡಪ್ಪನನ್ನು ನಾವು ಮೊದಲ ಸಲ ನೋಡಿದ್ದು ಆಗಲೇ. ಎತ್ತರದ ಆಳು, ಬಿಳಿ ಪಂಚೆ, ಕರೀ ಕೋಟು, ಕಂಕುಳಲ್ಲಿ ಕೊಡೆ. ಮುಖ ಬಿಗಿಯಾಗಿದ್ದರೂ ಕೈ ಮೆತ್ತಗಿತ್ತು. ನನ್ನನ್ನು ಕಂಡವರೇ ಜೇಬಿನಿಂದ ಎರಡು ಪೆಪ್ಪರ್‌ಮೆಂಟು ತೆಗೆದು ಕೊಟ್ಟು, 'ಒಂದು ಈಗ, ಒಂದು ಊಟ ಆದ್ಮೇಲೆ' ಎಂದರು. ನಾನು ಎರಡನ್ನೂ ಆಗಲೇ ಬಾಯಿಗೆ ಹಾಕಿಕೊಂಡೆ. ಅವರು ನೋಡಿಯೂ ನೋಡದವರಂತೆ ಇದ್ದುಬಿಟ್ಟರು. ಅಷ್ಟಕ್ಕೇ ನನಗೆ ಅವರು ಬಹಳ ಹಿಡಿಸಿದರು. ಅತ್ತೆ ಮಾತ್ರ ಅವರೆದುರು ಸೆರಗು ಹೊದ್ದು ಗೋಡೆಯ ಬದಿಯಲ್ಲೇ ಒಳಗೆ ಹೋದರು. ಗಂಡನ ಅಣ್ಣನೆದುರು ಹೆಂಗಸರು ನಿಂತು ಮಾತಾಡುವುದು ಆ ಕಾಲದಲ್ಲಿ ಇರಲಿಲ್ಲ. ಮದುವೆಯಾಗಿ ಆ ಮನೆಗೆ ಬಂದಾಗಿನಿಂದ ಅವರು ತಮ್ಮ ಬಾವನೊಂದಿಗೆ ಒಂದು ಮಾತನ್ನೂ ಆಡಿರಲಿಲ್ಲವಂತೆ.

ನಡುಮನೆಯಲ್ಲಿ ಪಂಕ್ತಿ ಹಾಕಿದರು. ಮೇಲ್ಗಡೆ ದೊಡ್ಡಪ್ಪ, ಅವರ ಪಕ್ಕ ನಾನು. ಪೆಪ್ಪರ್‌ಮೆಂಟಿನ ಸ್ನೇಹ ಬಿಡಲಾರದೆ ಹಟ ಮಾಡಿ ಅಲ್ಲೇ ಕೂತಿದ್ದೆ. ಆಚೆಗೆ ಹುಡುಗ, ಮಿಕ್ಕ ನೆಂಟರು. ಪಂಕ್ತಿಗೆ ಒಂದು ಕಟ್ಟಳೆ ಉಂಟು. ಹಿರಿಯರು ಬಾಯಿಗೆ ತುತ್ತಿಟ್ಟ ಮೇಲೆ ಉಳಿದವರು ಉಣ್ಣಬೇಕು, ಹಿರಿಯರು ಎದ್ದರೆ ಎಲ್ಲರೂ ಏಳಬೇಕು. ಎಲೆಗೆ ಕೋಸಂಬರಿ ಬಂತು, ಪಲ್ಯ ಬಂತು, ಪಾಯಸ ಬಂತು. ಬೆಣ್ಣೆ ಸವರಿದ ಸಣ್ಣ ಸಣ್ಣ ಮುದ್ದೆ ಬಂದವು. ಆಮೇಲೆ ಮಾವ ಸಾರಿನ ಪಾತ್ರೆ ಹಿಡಿದು ಬಂದರು. ದೊಡ್ಡಪ್ಪನ ಎಲೆಗೆ ಒಂದು ಸೌಟು ಹುರುಳಿ ಸಾರು ಬಿಟ್ಟು, ಇಡೀ ಪಂಕ್ತಿಗೆ ಕೇಳುವ ಹಾಗೆ, 'ಕುಣಿಗಲ್ಲೋರಿಗೆ ಹುರುಳಿ ಕಮ್ಮಿ ಆಗ್ಬಾರ್ದು ಕಣ್ರಪ್ಪ, ಹಿಡೀರಿ ಇನ್ನೊಂದು ಸೌಟು' ಎಂದರು.

ನಮ್ಮ ಕಡೆಯವರು ಗೊಳ್ಳೆಂದು ನಕ್ಕರು. ಬೀಗರನ್ನು ಗೋಳುಹೊಯ್ದುಕೊಳ್ಳುವುದು ನಮ್ಮಲ್ಲಿ ಮರ್ಯಾದೆಯ ಒಂದು ಭಾಗ. ತಮಾಷೆ ಮಾಡದಿದ್ದರೆ ಇವರಿಗೆ ನಾವು ಬೇಡವೇನೋ ಎಂದುಕೊಳ್ಳುವವರೂ ಇದ್ದರು. ಮಾವನ ಮುಖದಲ್ಲಿ ಕೆಟ್ಟ ಭಾವ ಒಂದಿಷ್ಟೂ ಇರಲಿಲ್ಲ.

ನನ್ನ ಪಕ್ಕದಲ್ಲಿ ದೊಡ್ಡಪ್ಪನ ಕೈ ಮುದ್ದೆಯ ಮೇಲೆ ನಿಂತುಹೋಯಿತು. ಅವರು ಸಾರನ್ನು ನೋಡಿದರು. ಮಾವನನ್ನು ನೋಡಿದರು. ಅವರ ಕಿವಿಯ ತುದಿ ಕೆಂಪಾದದ್ದು ನನಗೆ ಕಾಣಿಸಿತು. ಅವರು ಎದ್ದು, ಹಿತ್ತಲಿಗೆ ಹೋಗಿ ಕೈ ತೊಳೆದು, ಕೊಡೆ ತೆಗೆದುಕೊಂಡು ಹೊರಗೆ ನಡೆದುಬಿಟ್ಟರು. ಅವರ ಹಿಂದೆ ಅವರ ಕಡೆಯವರೆಲ್ಲ ಏಳಬೇಕಾಯಿತು. ಹುಡುಗ ಸಾರಿನಲ್ಲಿ ಅದ್ದಿದ್ದ ತುತ್ತನ್ನು ಹಾಗೆಯೇ ಎಲೆಯ ಮೇಲಿಟ್ಟು, ಅಡುಗೆಮನೆಯ ಬಾಗಿಲ ಕಡೆ ಒಂದು ಸಲ ನೋಡಿ, ಎದ್ದರು. ಊಟದ ನಡುವೆ ಎಲೆ ಬಿಟ್ಟು ಏಳುವುದಕ್ಕಿಂತ ದೊಡ್ಡ ಮುನಿಸು ನಮ್ಮ ಕಡೆ ಇಲ್ಲ. ಇನ್ನು ತಾಂಬೂಲದ ಮಾತೆಲ್ಲಿ ಬಂತು?

ನಮ್ಮ ಮನೆಯೆದುರು ರಸ್ತೆಯ ಆಚೆ ಒಂದು ಹೊಂಗೆ ಮರ, ಅದರ ಸುತ್ತ ಕಟ್ಟೆ. ಬಸ್ಸು ನಿಲ್ಲುತ್ತಿದ್ದದ್ದು ಅಲ್ಲೇ. ಗುಬ್ಬಿಗೆ ಹೋಗುವ ಮುಂದಿನ ಬಸ್ಸಿಗೆ ಇನ್ನೂ ಹೊತ್ತಿತ್ತು. ದೊಡ್ಡಪ್ಪ ಕಟ್ಟೆಯ ಮೇಲೆ ಕೊಡೆ ಊರಿಕೊಂಡು ಕೂತರು. ಅಪ್ಪ ಹೋಗಿ ಎದುರು ನಿಂತರು, ಕೈ ಮುಗಿದರು. ಮಾವ ಹೋಗಿ ಕಾಲು ಹಿಡಿಯಲು ಬಗ್ಗಿದರು. ದೊಡ್ಡಪ್ಪ ಕಾಲನ್ನು ಹಿಂದೆಳೆದುಕೊಂಡು, 'ಆಯ್ತು ಬುಡಿ. ಬಸ್ ಬರ್ಲಿ' ಎಂದರು. ಬೈದಿದ್ದರೆ ನಮಗೆಲ್ಲ ಎಷ್ಟೋ ಹಗುರವಾಗುತ್ತಿತ್ತು. ಊರವರು ಒಬ್ಬೊಬ್ಬರೇ ಬಾಗಿಲಿಗೆ ಬಂದು ನಿಂತರು. ಹಿಂದಿನ ವರ್ಷವೂ ಅವರು ಹೀಗೆಯೇ ನಿಂತಿದ್ದರು.

ನಾನು ಒಳಗೆ ಓಡಿದೆ. ಅಕ್ಕ ಒಲೆಯ ಮುಂದೆ ಕೂತಿದ್ದಳು. ಅಳುತ್ತಿರಲಿಲ್ಲ. ಬಡಿಸಲು ತಂದು ಉಳಿದಿದ್ದ ಬಾಳೆಲೆಗಳನ್ನು ಒಂದರ ಮೇಲೊಂದು ಜೋಡಿಸುತ್ತ, ಮತ್ತೆ ಹರಡುತ್ತ ಕೂತಿದ್ದಳು. ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ಕಂಬಕ್ಕೆ ಒರಗಿದ್ದಳು. ಅತ್ತೆ ಅಕ್ಕನ ಪಕ್ಕದಲ್ಲಿದ್ದರು.

'ನಾನು ಬೇಳೆ ಸಾರು ಮಾಡ್ಬೇಕಿತ್ತು' ಎಂದಳು ಅಕ್ಕ. ಅಷ್ಟೇ. ನೀವೇ ಹೇಳಿದಿರಲ್ಲ ಎಂದು ಅವಳು ಅತ್ತೆಯನ್ನು ಕೇಳಬಹುದಿತ್ತು, ಕೇಳಲಿಲ್ಲ. ಆ ಕೇಳದ ಮಾತೇ ಅತ್ತೆಯನ್ನು ಎಬ್ಬಿಸಿತೆಂದು ಕಾಣುತ್ತದೆ. ಅವರು ಅಕ್ಕನ ತಲೆಯ ಮೇಲೆ ಕೈಯಿಟ್ಟರು. ಎದ್ದು ಸೆರಗನ್ನು ಹಣೆಯ ತನಕ ಎಳೆದುಕೊಂಡರು. ನಡುಮನೆ ದಾಟಿ, ಜಗುಲಿ ಇಳಿದು, ಊರೆಲ್ಲ ನೋಡುತ್ತಿರುವಾಗ ರಸ್ತೆ ದಾಟಿ, ಹೊಂಗೆ ಮರದ ಕೆಳಗೆ ಹೋಗಿ ಬಾವನೆದುರು ನಿಂತರು. ನಾನು ಅವರ ಹಿಂದೆಯೇ ಓಡಿದೆ.

'ಬಾವನೋರೆ' ಎಂದರು ಅತ್ತೆ.

ದೊಡ್ಡಪ್ಪ ತಲೆಯೆತ್ತಿದರು. ಮಾತಾಡಿದ್ದು ಮರವೇನೋ ಎಂಬಂತೆ ಸುತ್ತ ನೋಡಿದರು.

'ಆ ಮಗೂದು ಏನೂ ತಪ್ಪಿಲ್ಲ. ಹುಡುಗನಿಗೆ ಹುರುಳಿ ಸಾರು ಇಷ್ಟ ಅಂತ ಹೇಳಿದ್ದು ನಾನು. ಕೋಳಿ ಕೂಗೋ ಹೊತ್ಗೆ ಎದ್ದು ಮಾಡವ್ಳೆ. ನಿಮ್ಮನ್ನ ಆಡ್ಕೊಳ್ಳಾಕೆ ಮಾಡಿದ್ದಲ್ಲ, ನಿಮ್ಮ ಮಗ ಉಣ್ಲಿ ಅಂತ ಮಾಡಿದ್ದು.' ಅತ್ತೆ ಅಲ್ಲಿಗೇ ನಿಲ್ಲಿಸಲಿಲ್ಲ. 'ನಮ್ಮನೇಲಿ ಹುರುಳಿ ಬೇಯಿಸ್ಬೇಡಿ ಅಂದ್ರಿ. ಯಾಕೆ ಅಂತ ಯಾರೂ ಕೇಳ್ಲಿಲ್ಲ. ಅವ್ನು ನೆಂಟರ ಮನೇಲಿ ಕದ್ದು ಉಂಡು ಬರ್ತಾನೆ. ಬಂದು ಬಾಯಿ ತೊಳ್ಕೊಂಡು ನಿಮ್ಮ ಮುಂದೆ ಕೂರ್ತಾನೆ.'

ಹುಡುಗ ಮರದ ಆಚೆಗೆ ತಿರುಗಿ ನಿಂತುಬಿಟ್ಟರು. ಮಕ್ಕಳಿಗೆ ಪಾಠ ಹೇಳುವ ಮೇಷ್ಟರ ಕುತ್ತಿಗೆಯೆಲ್ಲ ಕೆಂಪಾಗಿತ್ತು. ದೊಡ್ಡಪ್ಪ ಕೊಡೆಯ ತುದಿಯಿಂದ ಮಣ್ಣು ಕೆದಕಿದರು. ಯಾರಿಗೂ ಏನು ಮಾಡಬೇಕೋ ತೋಚಲಿಲ್ಲ. ನಾನು ಮಾತ್ರ ತಡೆಯಲಾರದೆ, 'ಹುರುಳಿ ಸಾರು ಚೆನ್ನಾಗೇ ಐತೆ, ನಾನು ಉಪ್ಪು ನೋಡಿದೀನಿ' ಎಂದೆ.

ದೊಡ್ಡಪ್ಪ ನನ್ನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡರು. ಆಮೇಲೆ ಅವರು ಹೇಳಿದ್ದನ್ನು ನನಗೊಬ್ಬನಿಗೇ ಹೇಳುವ ಹಾಗೆ ಹೇಳಿದರು. ಆದರೆ ಎಲ್ಲರೂ ಕೇಳಿಸಿಕೊಂಡರು.

ಅವರ ತಂದೆ ಕುಣಿಗಲ್ಲಿನಲ್ಲಿ ಕುದುರೆ ತಿಕ್ಕುವ ಕೆಲಸದಲ್ಲಿದ್ದರಂತೆ. ಮಗ ಓದಲಿ ಎಂದು ತುಮಕೂರಿನ ಒಂದು ಶಾಲೆಗೆ ಸೇರಿಸಿ, ಹಾಸ್ಟೆಲಿನಲ್ಲಿ ಬಿಟ್ಟಿದ್ದರು. ರಜೆ ಸಿಕ್ಕಾಗಲೆಲ್ಲ ಮಗನನ್ನು ನೋಡಲು ಬರುತ್ತಿದ್ದರು. ಬರಿಗೈಯಲ್ಲಿ ಬರಬಾರದಲ್ಲ, ಹುರಿದ ಹುರುಳಿಗೆ ಉಪ್ಪು ಖಾರ ಹಾಕಿ ಪಂಚೆಯ ಅಂಚಿನಲ್ಲಿ ಕಟ್ಟಿ ತರುತ್ತಿದ್ದರು. ಮಗ ಅದನ್ನು ಎಲ್ಲರಿಗೂ ಹಂಚುತ್ತಿದ್ದ. ಹುಡುಗರು ಹುರುಳಿಯನ್ನೂ ತಿಂದರು, ಅವನಿಗೆ 'ಹುರುಳಿ' ಎಂದು ಹೆಸರನ್ನೂ ಇಟ್ಟರು. ಮೊದಮೊದಲು ಅವನೂ ನಗುತ್ತಿದ್ದ. ಕುದುರೆಗೆ ಹುರುಳಿ ತಿನ್ನಿಸಲು ಮೂತಿಗೆ ಒಂದು ಚೀಲ ಕಟ್ಟುತ್ತಾರೆ. ಒಂದು ದಿನ ಹುಡುಗರೆಲ್ಲ ಸೇರಿ ಅವನನ್ನು ಹಿಡಿದುಕೊಂಡು ಅಂಥದೇ ಒಂದು ಚೀಲವನ್ನು ಅವನ ಮುಖಕ್ಕೆ ಕಟ್ಟಿಬಿಟ್ಟರು. ಕೆನೆಯುತ್ತ ಅಂಗಳದ ಸುತ್ತ ಓಡಿಸಿದರು. ಅದೇ ಹೊತ್ತಿಗೆ ಅವನ ಅಪ್ಪ ಪಂಚೆಯ ಅಂಚು ಹಿಡಿದುಕೊಂಡು ಗೇಟಿನಲ್ಲಿ ನಿಂತಿದ್ದರು.

'ಇನ್ಮೇಲೆ ಇಲ್ಲಿಗೆ ಬರ್ಬೇಡ ಅಂದ್ಬಿಟ್ಟೆ ಕಣಪ್ಪ ನಮ್ಮಪ್ಪನಿಗೆ' ಎಂದರು ದೊಡ್ಡಪ್ಪ. 'ಅವ್ರು ಬರ್ಲೇ ಇಲ್ಲ. ದುಡ್ಡು ಕಳಿಸ್ತಿದ್ರು, ಬಟ್ಟೆ ಕಳಿಸ್ತಿದ್ರು. ಹುರುಳಿ ಕಳಿಸ್ಲಿಲ್ಲ.'

ಮಾವ ಟವಲಿನಿಂದ ಮುಖ ಒರೆಸಿಕೊಂಡರು. ಅಪ್ಪ ದೊಡ್ಡಪ್ಪನ ಪಕ್ಕ ಕಟ್ಟೆಯ ಮೇಲೆ ಕೂತರು. ಸಮಾಧಾನದ ಮಾತು ಹೇಳಲು ಅಪ್ಪನಿಗೆ ಬರುತ್ತಿರಲಿಲ್ಲ.

ಅಷ್ಟರಲ್ಲಿ ಅಕ್ಕ ಬಂದಳು. ಗಂಡಿನ ಕಡೆಯವರೆದುರು ಅವಳಾಗಿ ಬೀದಿಗೆ ಬರುವುದು ಸರಿಯಲ್ಲವೆಂದು ಅಮ್ಮ ಬಾಗಿಲಿನಿಂದ ಸನ್ನೆ ಮಾಡುತ್ತಲೇ ಇದ್ದಳು. ಅಕ್ಕ ನೋಡಲಿಲ್ಲ. ಅವಳ ಕೈಯಲ್ಲಿ ಒಂದು ತಟ್ಟೆ, ಅದರಲ್ಲಿ ಬೇಳೆ ಸಾರು ಕಲಸಿದ ಅನ್ನ. ಎಲ್ಲಿಂದ ಬೇಳೆ ತಂದಳೋ, ಯಾವಾಗ ಬೇಯಿಸಿದಳೋ, ಪಕ್ಕದ ಮನೆಯಿಂದಲೇ ತಂದಳೋ, ನನಗೆ ಇವತ್ತಿಗೂ ಗೊತ್ತಿಲ್ಲ. ದೊಡ್ಡಪ್ಪನ ಮುಂದೆ ಕಟ್ಟೆಯ ಮೇಲೆ ಇಟ್ಟು, 'ಹಸ್ಕೊಂಡು ಬಸ್ ಹತ್ತಬೇಡಿ. ಇದರಲ್ಲಿ ಹುರುಳಿ ಇಲ್ಲ' ಎಂದಳು. ಬೇರೇನೂ ಕೇಳಲಿಲ್ಲ. ಮದುವೆಯ ಮಾತೇ ಎತ್ತಲಿಲ್ಲ.

ದೊಡ್ಡಪ್ಪ ತಟ್ಟೆ ನೋಡಿದರು, ಅಕ್ಕನನ್ನು ನೋಡಿದರು. ಅವಳ ಬೆರಳ ತುದಿಗಳು ಬಿಸಿ ಪಾತ್ರೆ ಹಿಡಿದು ಕೆಂಪಾಗಿದ್ದವು. ಅವರ ಬಿಗಿದ ಮುಖ ಏನೇನೋ ಆಗಿ, ಆಮೇಲೆ ಸಡಿಲವಾಯಿತು.

'ಏನವ್ವ, ಆ ಸಾರು ಉಳಿದೈತಾ?'

'ಐತೆ.'

'ನಡಿ ಮತ್ತೆ.'

ಎದ್ದ ಎಲೆಗೆ ತಿರುಗಿ ಕೂರುವ ಹಾಗಿಲ್ಲ. ಅಮ್ಮ ಹಳೆಯ ಎಲೆಗಳನ್ನೆಲ್ಲ ತೆಗೆಸಿ, ನೆಲ ಸಾರಿಸಿ, ಹೊಸದಾಗಿ ಪಂಕ್ತಿ ಹಾಕಿದಳು. ದೊಡ್ಡಪ್ಪ ಮೊದಲಿನ ಜಾಗದಲ್ಲೇ ಕೂತರು, ನಾನೂ ಕೂತೆ. ಮುದ್ದೆ ಬಂತು. ಸಾರಿನ ಪಾತ್ರೆ ಹಿಡಿಯಲು ಮಾತ್ರ ಯಾರೂ ಮುಂದೆ ಬರಲಿಲ್ಲ. ಮಾವ ಹಿತ್ತಲ ಬಾಗಿಲಲ್ಲಿ ಅರ್ಧ ಮರೆಯಾಗಿ ನಿಂತಿದ್ದರು. ದೊಡ್ಡಪ್ಪ ಆ ಕಡೆ ತಿರುಗಿ, 'ಏನಪ್ಪಾ, ಕುಣಿಗಲ್ಲೋರಿಗೆ ಕಮ್ಮಿ ಆಗ್ಬಾರ್ದು ಅಂದಿದ್ದೋರು ನೀವೇ ಅಲ್ವಾ? ಸೌಟು ಎಲ್ಲಿ?' ಎಂದರು.

ನಗಬೇಕೋ ಬೇಡವೋ ಯಾರಿಗೂ ತಿಳಿಯಲಿಲ್ಲ. ದೊಡ್ಡಪ್ಪ ತಾವೇ ಮೊದಲು ನಕ್ಕರು. ಆಮೇಲೆ ಎಲ್ಲರಿಗೂ ಧೈರ್ಯ ಬಂತು. ಮಾವ ಸಾರು ಬಡಿಸಿದರು, ಅವಸರದಲ್ಲಿ ಅರ್ಧ ಸೌಟು ನನ್ನ ಪಾಯಸಕ್ಕೆ ಬಿತ್ತು. ದೊಡ್ಡಪ್ಪ ಮೊದಲ ತುತ್ತು ನುಂಗಿ ಕಣ್ಣು ಮುಚ್ಚಿಕೊಂಡರು. ಅವರ ಕಣ್ಣಂಚಿನಲ್ಲಿ ನೀರಿತ್ತು. ಸಾರಿನ ಖಾರ ಎಂದು ನಾನು ನಂಬಿದೆ. ಹುಡುಗ ಆ ದಿನ ಎಷ್ಟು ಮುದ್ದೆ ಉಂಡರು ಎಂಬುದನ್ನು ನಮ್ಮ ಮನೆಯಲ್ಲಿ ಎಷ್ಟೋ ವರ್ಷ ಹೇಳಿಕೊಂಡು ನಗುತ್ತಿದ್ದರು, ಹೇಳಿದಾಗಲೆಲ್ಲ ಲೆಕ್ಕ ಹೆಚ್ಚುತ್ತಿತ್ತು. ಊಟದ ಕೊನೆಗೆ ಅಪ್ಪ ಕೈ ಮುಗಿದು, 'ನಮಗೂ ಹೆಸರೈತೆ ಸ್ವಾಮಿ, ನಾಟಕದೋರು ಅಂತ. ನೀವೂ ಬಿಡ್ಬೇಡಿ' ಎಂದರು. ದೊಡ್ಡಪ್ಪ ಮೀಸೆ ಒರೆಸಿಕೊಂಡು, 'ಬುಡಿ, ಇವತ್ತು ನಿಮ್ಮ ನಾಟಕಕ್ಕೆ ಚಪ್ಪರ ಹಾಕಿಲ್ಲ, ಮದುವೆ ದಿನ ನೋಡ್ಕೊತೀನಿ' ಎಂದರು. ಮದುವೆ ದಿನ ಎಂಬ ಮಾತು ಅವರ ಬಾಯಿಂದ ಬಂದದ್ದೇ ತಡ, ಅಮ್ಮ ತಾಂಬೂಲದ ತಟ್ಟೆ ತರಲು ಓಡಿದಳು. ಬಸ್ಸು ಬಂತು, ಹಾರ್ನು ಹೊಡೆಯಿತು, ಹೋಯಿತು. ಯಾರೂ ಏಳಲಿಲ್ಲ.

ಅಕ್ಕ ಅಮೃತೂರಿನ ಸೊಸೆಯಾದಳು. ಅಲ್ಲಿ ಅವಳನ್ನು ಯಾರೂ ಹೆಸರು ಹಿಡಿದು ಕರೆಯಲಿಲ್ಲ, ಎಲ್ಲರಿಗೂ ಅವಳು 'ಚೇಳೂರಮ್ಮ'. ಆ ಮನೆಗೆ ಹುರುಳಿ ಮತ್ತೆ ಬಂತು. ನಾನು ರಜೆಗೆ ಹೋದಾಗ ದೊಡ್ಡಪ್ಪ ಜಗುಲಿಯಲ್ಲಿ ಕೂತು, ಹುರಿದ ಹುರುಳಿಯನ್ನು ಒಂದೊಂದೇ ಬಾಯಿಗೆ ಹಾಕಿಕೊಳ್ಳುತ್ತ ರಸ್ತೆ ನೋಡುತ್ತಿದ್ದರು. ಅತ್ತೆ ಬಾಗಿಲಲ್ಲೇ ನಿಂತು, 'ಬಾವನೋರೆ, ಕಾಫಿ ತರ್ಲಾ?' ಎಂದು ಕೇಳುತ್ತಿದ್ದರು. ಅವರಿಬ್ಬರೂ ಮಾತಾಡುವುದನ್ನು ಕೇಳಿದರೆ ನನಗೆ ಏನೋ ಒಂದು ಸಂತೋಷ.

ಈಗ ನಾನು ತುಮಕೂರಿನ ಸದಾಶಿವನಗರದಲ್ಲಿ ಮಗನ ಮನೆಯಲ್ಲಿದ್ದೇನೆ. ಇಲ್ಲಿ ಪಂಕ್ತಿಯಿಲ್ಲ, ಟೇಬಲ್ಲಿದೆ. ಯಾರು ಯಾವಾಗ ಎದ್ದರೂ ಕೇಳುವವರಿಲ್ಲ, ಅದು ಒಂದು ರೀತಿ ಒಳ್ಳೆಯದೇ, ನನ್ನ ಹಾಗೆ ನಿಧಾನವಾಗಿ ಉಣ್ಣುವವರಿಗೆ ಅನುಕೂಲ. ನನ್ನ ಮೊಮ್ಮಕ್ಕಳಿಗೆ ನಮಗಿಂತ ಹೆಚ್ಚು ಊರುಗಳು ಗೊತ್ತು. ಒಬ್ಬೊಬ್ಬರ ತರಗತಿಯಲ್ಲೂ ಬೀದರಿನವರು, ಬಿಹಾರದವರು, ಕೇರಳದವರು ಇದ್ದಾರೆ. ಊರುಗಳ ಅಡ್ಡಹೆಸರುಗಳೂ ಹೆಚ್ಚಾಗಿವೆ. ಅವು ಈಗ ಬಸ್ಸಿನಲ್ಲಿ ಓಡಾಡುವುದಿಲ್ಲ, ಫೋನಿನಲ್ಲಿ ಚಿತ್ರವಾಗಿ ಬರುತ್ತವೆ. ಬಿದ್ದು ಬಿದ್ದು ನಗುವ ಹಳದಿ ಮುಖಗಳು ಅವುಗಳ ಕೆಳಗೆ ಸಾಲಾಗಿ ನಿಂತಿರುತ್ತವೆ. ಕೆಲವು ನನಗೂ ನಗು ತರಿಸುತ್ತವೆ, ಸುಳ್ಳೇಕೆ ಹೇಳಲಿ.

ಮೊನ್ನೆ ಭಾನುವಾರ ಮಧ್ಯಾಹ್ನ ಮೊಮ್ಮಕ್ಕಳಿಬ್ಬರನ್ನೂ ಕೂರಿಸಿಕೊಂಡು ಈ ಕತೆ ಹೇಳಿದೆ. ಮೊಮ್ಮಗಳು ಮೂತಿಗೆ ಚೀಲ ಕಟ್ಟಿದ ಭಾಗ ಬಂದಾಗ ನನ್ನ ತೋಳು ಹಿಡಿದುಕೊಂಡಳು. ಕತೆ ಮುಗಿದ ಮೇಲೆ ಮೊಮ್ಮಗ, 'ತಾತ, ನಮ್ಮ ಕ್ಲಾಸಲ್ಲಿ ಪಾವಗಡದವನು ಒಬ್ಬ ಇದಾನೆ' ಎಂದ. 'ಅಲ್ಲಿ ಮಳೆ ಕಮ್ಮಿ ಅಲ್ವಾ, ಅವ್ನಿಗೆ ಬರಗಾಲ ಅಂತ ಹೆಸರಿಟ್ಟಿದಾರೆ. ಅವ್ನು ನೀರು ಕುಡಿದಾಗೆಲ್ಲ ಫೋಟೋ ತೆಗೆದು ಗ್ರೂಪಿಗೆ ಹಾಕ್ತಾರೆ. ಎಲ್ಲಾರೂ ನಗ್ತಾರೆ. ಅವ್ನೂ ನಗ್ತಿದ್ದ.'

'ಈಗ?' ಎಂದೆ.

'ಈಗ ಗ್ರೂಪಲ್ಲಿ ಇಲ್ಲ. ಹೋದ ವಾರ ಬಿಟ್ಟುಹೋದ.'

'ಯಾರಾದ್ರೂ ಕೇಳಿದ್ರಾ, ಯಾಕೆ ಹೋದೆ ಅಂತ?'

ಅವನು ಕೈಯಲ್ಲಿದ್ದ ಫೋನನ್ನು ಬೋರಲು ಹಾಕಿ ಟೇಬಲ್ಲಿನ ಮೇಲಿಟ್ಟ. ನಮ್ಮ ಕಾಲದಲ್ಲಿ ಒಬ್ಬರಿಗೆ ನೋವಾದರೆ ಇಡೀ ಪಂಕ್ತಿ ಎದ್ದು ನಿಲ್ಲುತ್ತಿತ್ತು, ಊರೆಲ್ಲ ಬಾಗಿಲಿಗೆ ಬರುತ್ತಿತ್ತು, ಬಸ್ಸು ಬರುವ ತನಕವಾದರೂ ಅವರು ಕಣ್ಣೆದುರಿಗೆ ಕೂತಿರುತ್ತಿದ್ದರು. ಈ ಮಕ್ಕಳ ಕಾಲದಲ್ಲಿ ಎದ್ದು ಹೋದವರು ಸದ್ದಿಲ್ಲದೆ ಹೋಗಿಬಿಡುತ್ತಾರೆ, ಉಳಿದವರ ನಗು ನಿಲ್ಲುವುದೇ ಇಲ್ಲ. ಇವರ ಕಷ್ಟ ನಮ್ಮದಕ್ಕಿಂತ ದೊಡ್ಡದು ಎಂದು ನನಗೆ ಅವತ್ತು ಅನ್ನಿಸಿತು.

ಮೊಮ್ಮಗ ಎದ್ದ. ಫೋನು ಹಿಡಿದುಕೊಂಡು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತು, ಆ ಪಾವಗಡದ ಹುಡುಗನಿಗೆ ಕರೆ ಮಾಡಿದ. ಆ ಕಡೆಯಿಂದ ಯಾರೂ ಎತ್ತಲಿಲ್ಲವೆಂದು ಕಾಣುತ್ತದೆ, ಮತ್ತೆ ಮಾಡಿದ. ಇನ್ನೊಂದು ಸಲ ಮಾಡಿದ. ಕೊನೆಗೆ ಅವನ ದನಿ ಕೇಳಿಸಿತು.

'ಊಟ ಆಯ್ತೇನೋ?' ಎಂದ.